‘ಹೋಗು’ ಎನ್ನುವ ಅಧಿಕಾರ ಯಾರಿಗಿತ್ತು?

ನೌಕಾಪಡೆಯ ಕಾನೂನು ಸುಧಾರಣೆಯ ಹೊಣೆ ಹೊತ್ತ ಕಾರ್ಯದರ್ಶಿಗಳಿಗೆ,

ಮಾನ್ಯರೇ, ನನ್ನ ಅಳಿಯನಿಗೆ ಶಿಕ್ಷೆ ಕೊಡಿಸಿ ಎಂದು ಕೇಳಿಕೊಳ್ಳುವುದಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ತಪ್ಪು ಓದಿದೆನೇನೋ ಎಂದು ಕನ್ನಡಕ ಒರೆಸಿಕೊಳ್ಳಬೇಡಿ, ಶಿಕ್ಷೆ ಎಂದೇ ಬರೆದಿದ್ದೇನೆ. ಬಿಡುಗಡೆ ಕೇಳಿ ಕೇಳಿ ಬಾಯಿ ಸೋತಿದೆ. ಅವನು ನಿರಪರಾಧಿ ಎಂದು ಹೇಳಿ ಎಂದು ಬೇಡಿಕೊಂಡಾಗ, ಹಾಗೆ ಹೇಳಬಲ್ಲ ಅಧಿಕಾರಿ ಸದ್ಯಕ್ಕೆ ಇಲ್ಲ ಎಂಬ ಉತ್ತರ ಬಂತು. ಅಪರಾಧಿ ಎಂದಾದರೂ ಹೇಳಿಬಿಡಿ ಸ್ವಾಮಿ ಎಂದಾಗ, ಅದನ್ನು ಹೇಳುವುದಕ್ಕೂ ಅದೇ ಅಧಿಕಾರಿ ಬೇಕು ಎಂದು ತಮ್ಮ ಕಚೇರಿ ಬಹಳ ವಿನಯದಿಂದ ತಿಳಿಸಿತು. ಆ ಅಧಿಕಾರಿಯ ಹುದ್ದೆಯನ್ನು ರದ್ದು ಮಾಡಿದವರು ತಾವು. ಆದ್ದರಿಂದ ಬೇರೆಯವರ ಬಾಗಿಲು ಎಡತಾಕುವುದನ್ನು ಬಿಟ್ಟು ನೇರವಾಗಿ ತಮ್ಮ ಬಾಗಿಲಿಗೇ ಬಂದಿದ್ದೇನೆ.

ನಾನು ಯಾರೆಂದು ಹೇಳದೆ ದೂರು ಹೇಳುವುದು ಸರಿಯಲ್ಲ. ನೌಕಾನೆಲೆಯ ಮುಖ್ಯ ಗೇಟಿನ ಎದುರು, ರಸ್ತೆಯ ಆಚೆ ಬದಿಗೆ, ಸಮವಸ್ತ್ರ ಹೊಲಿಯುವ ಅಂಗಡಿ ನನ್ನದು. ನನ್ನ ಯಜಮಾನರು ಶುರು ಮಾಡಿದ್ದು, ಅವರು ಹೋದ ಮೇಲೆ ನಾನು ನಡೆಸುತ್ತಿದ್ದೇನೆ. ಗೇಟಿನ ಒಳಗಿನವರಿಗೆಲ್ಲ ನಾನು ಟೈಲರಮ್ಮ. ಬಿಳಿ ಅಂಗಿಯ ಎರಡು ಭುಜದ ಮೇಲೆ ಯಾವ ಪಟ್ಟಿ ಬರಬೇಕು, ಎಷ್ಟು ಅಗಲದ ಜರಿ, ಅದರ ಮೇಲೆ ಲಂಗರು ಇರಬೇಕೋ ಹಗ್ಗದ ಸುರುಳಿ ಇರಬೇಕೋ, ಇದೆಲ್ಲ ನಮ್ಮ ಕಸುಬು. ಹೀಗಾಗಿ ಸರ್ಕಾರ ನೌಕಾಪಡೆಯಲ್ಲಿ ಯಾರನ್ನು ಮೇಲೇರಿಸಿತು, ಯಾರನ್ನು ಯಾರ ಕೆಳಗೆ ಕೂರಿಸಿತು ಎಂಬುದು ಪತ್ರಿಕೆಗಳಿಗಿಂತ ಮೊದಲೇ ನಮ್ಮ ಕತ್ತರಿಗೆ ಗೊತ್ತಾಗಿಬಿಡುತ್ತದೆ. ತಮ್ಮ ಸುಧಾರಣಾ ಕಾಯ್ದೆ ಬಂದಾಗಲೂ ಹಾಗೇ ಆಯಿತು. ಒಂದೇ ವಾರದಲ್ಲಿ ನೆಲೆಯ ಅರ್ಧಕ್ಕರ್ಧ ಅಧಿಕಾರಿಗಳು ಅಂಗಿ ತಂದು ಮೇಜಿನ ಮೇಲಿಟ್ಟು ಹಳೆಯ ಪಟ್ಟಿ ಬಿಚ್ಚಿಸಿದರು. ಹೊಸದು ಯಾವುದು ಹಾಕಲಿ ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊಸ ಗುರುತುಗಳ ಅಧಿಸೂಚನೆ ಇನ್ನೂ ಬಂದಿರಲಿಲ್ಲ. ಬೋಳು ಭುಜದ ಅಂಗಿಗಳು ನನ್ನ ಅಂಗಡಿಯ ತಂತಿಯ ಮೇಲೆ ತಿಂಗಳುಗಟ್ಟಲೆ ನೇತಾಡಿದವು. ಒಬ್ಬ ಹಿರಿಯ ಅಧಿಕಾರಿಯಂತೂ ಕನ್ನಡಿಯ ಮುಂದೆ ನಿಂತು, ಟೈಲರಮ್ಮ, ನಾನೀಗ ಯಾರು ಅಂತ ನೀವೇ ಹೇಳಿಬಿಡಿ ಎಂದು ನಕ್ಕರು. ಆಗ ನಾನೂ ನಕ್ಕಿದ್ದೆ.

ತಾವು ನನ್ನನ್ನು ಸುಧಾರಣೆಯ ವಿರೋಧಿ ಎಂದು ಬರೆದುಕೊಳ್ಳುವ ಮೊದಲು ಒಂದು ಮಾತು. ಹಳೆಯ ಪದ್ಧತಿ ಚೆನ್ನಾಗಿತ್ತು ಎಂದು ನಾನು ಹೇಳುವವಳಲ್ಲ. ಆಗ ನೆಲೆಗೆಲ್ಲ ಒಬ್ಬನೇ ದೊರೆ, ಬಂದರು ಕಮಾಂಡರ್. ಹಡಗಿಗೆ ಹೊರಡು ಎನ್ನುವವನೂ ಅವನೇ, ಹೊರಟದ್ದು ತಪ್ಪು ಎನ್ನುವವನೂ ಅವನೇ, ತಪ್ಪು ಮಾಡಿದವನ ವಿಚಾರಣೆ ನಡೆಸುವವನೂ ಅವನೇ, ಶಿಕ್ಷೆಗೆ ಸಹಿ ಹಾಕುವವನೂ ಅವನೇ. ಚಹಾ ತಣ್ಣಗಾಗಿತ್ತು ಎಂಬ ಕಾರಣಕ್ಕೆ ಒಬ್ಬ ನಾವಿಕನನ್ನು ಕತ್ತಲೆ ಕೋಣೆಗೆ ಹಾಕಿದ ಕಮಾಂಡರನ ಕೋಟಿಗೆ ನನ್ನ ಯಜಮಾನರೇ ಗುಂಡಿ ಹಾಕಿಕೊಟ್ಟಿದ್ದರು. ಮನೆಗೆ ಬಂದು ಊಟ ಬಿಟ್ಟು ಕೂತಿದ್ದರು. ಇಂಥ ಅಧಿಕಾರವನ್ನು ಒಡೆಯಬೇಕು, ಹಡಗು ನಡೆಸುವವರೇ ಬೇರೆ, ನ್ಯಾಯ ಹೇಳುವವರೇ ಬೇರೆ ಆಗಬೇಕು ಎಂದು ತಾವು ಸದನದಲ್ಲಿ ಹೇಳಿಸಿದಾಗ ರೇಡಿಯೋ ಮುಂದೆ ಕೂತು, ಕೊನೆಗೂ ಯಾರಿಗೋ ಬುದ್ಧಿ ಬಂತು ಎಂದವಳು ನಾನು. ತಲೆಗಳು ಬದಲಾಗುತ್ತವೆ, ಒಳ್ಳೆಯದೇ ಆಗುತ್ತದೆ ಎಂದುಕೊಂಡೆ. ಆದರೆ ಹಳೆಯ ತಲೆ ತೆಗೆದ ದಿನಕ್ಕೂ ಹೊಸ ತಲೆ ಇಟ್ಟ ದಿನಕ್ಕೂ ನಡುವೆ ಒಂದು ವರ್ಷಕ್ಕೂ ಹೆಚ್ಚು ಕಾಲ ಬರೀ ಮುಂಡವನ್ನು ಬಿಟ್ಟು ಹೋಗುತ್ತೀರಿ ಎಂದು ನನಗೆ ಹೇಗೆ ಗೊತ್ತಾಗಬೇಕು?

ಹಳೆಯ ಕಾಯ್ದೆ ರದ್ದಾಗುವ ದಿನಾಂಕವನ್ನು ತಾವು ಸ್ಪಷ್ಟವಾಗಿ ಬರೆದಿರಿ. ಹೊಸ ಕಾಯ್ದೆಯ ಮುಖ್ಯ ಅಧ್ಯಾಯಗಳು ಮಾತ್ರ ‘ಸರ್ಕಾರವು ಅಧಿಸೂಚಿಸಬಹುದಾದಂಥ ದಿನಾಂಕದಿಂದ’ ಜಾರಿಗೆ ಬರುವವು ಎಂದಿರಿ. ಅಲ್ಲಿಯವರೆಗೆ ಬಂದರು ಕಮಾಂಡರರು ಏನಾಗಬೇಕು? ಅವರು ‘ಸಮನ್ವಯ ಅಧಿಕಾರಿ’ ಆಗಿ ಮುಂದುವರಿಯುವರು ಎಂದು ಒಂದು ಸಾಲು ಇತ್ತು. ಸಮನ್ವಯ ಎಂದರೇನು ಎಂದು ನೆಲೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಅದೇ ಮೇಜು, ಅದೇ ಕುರ್ಚಿ, ಅದೇ ಫೋನು, ಅದೇ ಮನುಷ್ಯ. ಬಾಗಿಲ ಮೇಲಿನ ಫಲಕವನ್ನು ತೆಗೆದಿದ್ದರು, ಅಷ್ಟೆ. ಆ ಮನುಷ್ಯ ಮಾತಾಡಿದರೆ ನಮ್ಮ ಅಂಗಡಿಯ ಗಾಜು ನಡುಗುತ್ತಿತ್ತು, ಹಾಗಾಗಿ ನಾವಿಕರು ಅವರನ್ನು ಗುಡುಗು ಸಾಹೇಬರು ಎನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ತಮಗೆ ಯಾರೆಂದು ಚೆನ್ನಾಗಿಯೇ ಗೊತ್ತು.

ಈಗ ನನ್ನ ಅಳಿಯನ ವಿಷಯ. ಎದುರಿಗೆ ಅವನನ್ನು ನೀವು ಎನ್ನುತ್ತೇನೆ, ಅಳಿಯನಿಗೆ ಕೊಡಬೇಕಾದ ಮರ್ಯಾದೆ ಅದು. ಈ ಪತ್ರದಲ್ಲಿ ಮಾತ್ರ ಅವನು ಎನ್ನುತ್ತೇನೆ, ಏಕೆಂದರೆ ಈ ಒಂದೂವರೆ ವರ್ಷದಲ್ಲಿ ಅವನು ನನಗೆ ಮಗನಾಗಿಬಿಟ್ಟಿದ್ದಾನೆ. ಮದುವೆಯ ಕಾಲಕ್ಕೆ ನನಗೆ ಅವನು ಅಷ್ಟಾಗಿ ಹಿಡಿಸಿರಲಿಲ್ಲ. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಮನೆಗೆ ಬಂದರೆ ಕಿಟಕಿ ಪಕ್ಕ ಕೂತು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುವುದೇ ಕೆಲಸ. ಇದೇನಮ್ಮ, ಗಂಡನನ್ನು ಕಟ್ಟಿಕೊಂಡೆಯೋ ಗಾಳಿಪಟವನ್ನೋ ಎಂದು ಮಗಳನ್ನು ರೇಗಿಸುತ್ತಿದ್ದೆ. ಆದರೆ ಸಣ್ಣದೊಂದು ಗಸ್ತು ಹಡಗಿನ ನಾಯಕತ್ವ ಅವನಿಗೆ ಸಿಕ್ಕ ದಿನ ಅಂಗಡಿಗೆ ಬಂದು, ಅತ್ತೆ, ಈ ಪಟ್ಟಿ ನಿಮ್ಮ ಕೈಯಲ್ಲೇ ಹೊಲೀಬೇಕು ಎಂದು ಭುಜ ಕೊಟ್ಟು ನಿಂತಿದ್ದ. ಅಂದು ಅವನ ಮುಖ ನೋಡಬೇಕಿತ್ತು ತಾವು.

ಹಳೆಯ ಕಾಯ್ದೆ ರದ್ದಾದ ದಿನವೇ, ಮಧ್ಯಾಹ್ನ, ಎದುರಿನ ದ್ವೀಪದಿಂದ ಬರುತ್ತಿದ್ದ ಪ್ರಯಾಣಿಕರ ದೋಣಿಯ ಎಂಜಿನ್ ನಿಂತುಹೋಯಿತು. ಬಿರುಗಾಳಿ ಎದ್ದಿತ್ತು. ದೋಣಿಯ ತುಂಬ ಜನ, ಸಂತೆ ಮುಗಿಸಿ ಬರುವವರು, ಮಕ್ಕಳು, ಒಬ್ಬಳು ಬಾಣಂತಿ. ಗಾಳಿ ಅದನ್ನು ನೇರವಾಗಿ ಬಂಡೆಗಳ ಕಡೆಗೆ ತಳ್ಳುತ್ತಿತ್ತು. ಸಹಾಯಕ್ಕೆ ಕೂಗು ಬಂದಾಗ ಹಡಗುಕಟ್ಟೆಯಲ್ಲಿ ಹೊರಡಲು ಸಿದ್ಧವಾಗಿದ್ದದ್ದು ಅಳಿಯನ ಹಡಗೊಂದೇ. ಇಲ್ಲಿ ನೆಲೆಯ ಒಂದು ರೂಢಿಯನ್ನು ತಮಗೆ ಹೇಳಬೇಕು, ಕಾಯ್ದೆ ಬರೆಯುವ ಕೋಣೆಯಲ್ಲಿ ಅದು ಯಾರಿಗೂ ತಿಳಿದಿದ್ದಂತೆ ಕಾಣೆ. ಬಂದರಿನ ಬಾಯಿಗೆ ಅಡ್ಡಲಾಗಿ ತೇಲುವ ಕಬ್ಬಿಣದ ಗೇಟೊಂದಿದೆ. ಯಾವ ಹಡಗು ಹೊರಡುವಾಗಲೂ ಅದರ ನಾಯಕ ಸಿಗ್ನಲ್ ಟವರಿಗೆ ರೇಡಿಯೋದಲ್ಲಿ ಮೂರು ಸಂಗತಿ ಹೇಳಬೇಕು. ಹಡಗು ಯಾವುದು, ಯಾತಕ್ಕೆ ಹೊರಟಿದೆ, ಯಾರ ಆಜ್ಞೆಯ ಮೇರೆಗೆ. ಟವರಿನವನು ಮೂರನ್ನೂ ತಿರುಗಿ ಹೇಳುತ್ತಾನೆ. ಆಮೇಲೆ ಗೇಟು ತೆರೆಯುತ್ತದೆ. ಮೂರನೆಯದನ್ನು ಹೇಳದಿದ್ದರೆ ಅಡ್ಮಿರಲ್ಲರ ಹಡಗಾದರೂ ಒಳಗೇ ನಿಲ್ಲಬೇಕು.

ಅಳಿಯ ಗುಡುಗು ಸಾಹೇಬರಿಗೆ ಫೋನು ಮಾಡಿದ. ಇಷ್ಟು ವರ್ಷ ಮಾಡಿದ್ದೂ ಅವರಿಗೇ. ಅವರು ಒಂದೇ ಮಾತು ಹೇಳಿದರು, ‘ಹೋಗು’. ಇವನು ರೇಡಿಯೋ ಎತ್ತಿಕೊಂಡು ಹಡಗಿನ ಹೆಸರು ಹೇಳಿದ, ಜನರನ್ನು ಉಳಿಸಲು ಎಂದ, ಬಂದರು ಕಮಾಂಡರರ ಆಜ್ಞೆಯ ಮೇರೆಗೆ ಎಂದ. ಹಿಂದಿನ ದಿನದವರೆಗೆ ಅದೇ ಸರಿಯಾದ ಮಾತು. ಅಂದು ಬೆಳಿಗ್ಗೆಯಿಂದ ಬಂದರು ಕಮಾಂಡರ್ ಎಂಬ ಹುದ್ದೆಯೇ ಭೂಮಿಯ ಮೇಲೆ ಇರಲಿಲ್ಲ. ಟವರಿನವನೂ ರೂಢಿಯ ಮೇಲೆ ಅದನ್ನೇ ತಿರುಗಿ ಹೇಳಿದ, ಗೇಟು ತೆರೆದ. ಬಾಯಿಗೆ ಬಂದದ್ದು ವರ್ಷಗಳಿಂದ ಹೇಳಿದ ಮಾತು. ಎದುರಿಗೆ ಜನ ಮುಳುಗುತ್ತಿರುವಾಗ ಆ ಮಾತಿಗೆ ಆಧಾರವಾದ ಕಲಮು ಇನ್ನೂ ಜೀವಂತವಾಗಿದೆಯೇ ಎಂದು ಯಾವ ನಾಯಕ ಯೋಚಿಸುತ್ತಾನೆ? ತಾವು ಯೋಚಿಸುತ್ತಿದ್ದಿರೇನೋ, ನನಗೆ ಗೊತ್ತಿಲ್ಲ.

ದೋಣಿಗೆ ಹಗ್ಗ ಬಿಗಿದು ಎಳೆದು ತಂದರು. ಒಬ್ಬರಿಗೂ ಏನೂ ಆಗಲಿಲ್ಲ. ಬಾಣಂತಿಯನ್ನು ಅಳಿಯನೇ ಕೈಹಿಡಿದು ಇಳಿಸಿದನಂತೆ, ನಾನು ಅಂಗಡಿಯ ಮೆಟ್ಟಿಲ ಮೇಲೆ ನಿಂತು ಆಂಬುಲೆನ್ಸುಗಳು ಗೇಟಿನಿಂದ ಹೊರಗೆ ಬರುವುದನ್ನು ನೋಡುತ್ತಿದ್ದೆ. ಆದರೆ ಬಂಡೆಗಳ ಹತ್ತಿರ ಹೋಗಿದ್ದರಿಂದ ಹಡಗಿನ ತಳ ಉಜ್ಜಿ ಸೀಳಿತ್ತು, ನೀರು ತಳ್ಳುವ ಹಿಂದಿನ ಫ್ಯಾನು ಬಾಗಿತ್ತು. ಹಡಗಿಗೆ ಪೆಟ್ಟಾದರೆ ವಿಚಾರಣೆ ಮುಗಿಯುವ ತನಕ ನಾಯಕ ಕೆಳಗಿಳಿದು ನಿಲ್ಲಬೇಕು. ಇದು ಹಳೆಯ ನಿಯಮ, ಒಳ್ಳೆಯ ನಿಯಮ. ಮಾಮೂಲಿಯಾಗಿ ಒಂದೆರಡು ವಾರದಲ್ಲಿ ಮುಗಿಯುತ್ತದೆ, ಬೈದು ಕಳಿಸುತ್ತಾರೆ ಇಲ್ಲವೇ ಬೆನ್ನು ತಟ್ಟಿ ಕಳಿಸುತ್ತಾರೆ. ಅಳಿಯ ಸಮವಸ್ತ್ರ ಇಸ್ತ್ರಿ ಮಾಡಿಕೊಂಡು ಕರೆ ಬರುವುದನ್ನು ಕಾದ. ಇಂದಿಗೂ ಕಾಯುತ್ತಿದ್ದಾನೆ.

ವಿಚಾರಣೆ ಕರೆಯುವ ಅಧಿಕಾರ ಬಂದರು ಕಮಾಂಡರರಿಗಿತ್ತು, ಅವರಿಲ್ಲ. ಹೊಸ ಕಾಯ್ದೆಯ ಪ್ರಕಾರ ಅದು ‘ಸಕ್ಷಮ ಪ್ರಾಧಿಕಾರ’ಕ್ಕೆ ಸೇರಿದ್ದು. ಸದರಿ ಸಕ್ಷಮ ಪ್ರಾಧಿಕಾರ ಯಾರು ಎಂದು ಅಧಿಸೂಚನೆಯಾಗಬೇಕಿತ್ತು. ನಾವು ಹಡಗುಗಳನ್ನು ನೋಡಿಕೊಳ್ಳುವ ಕಚೇರಿಗೆ ಹೋದೆವು, ಹಡಗು ಹೊರಟದ್ದು ಕಾರ್ಯಾಚರಣೆ, ನಮಗೆ ಬರುವುದಿಲ್ಲ ಎಂದರು. ಕಾರ್ಯಾಚರಣೆಯ ಕಚೇರಿಗೆ ಹೋದೆವು, ಪೆಟ್ಟಾದದ್ದು ಹಡಗಿಗೆ, ನಮಗೆ ಬರುವುದಿಲ್ಲ ಎಂದರು. ಎರಡು ಕಚೇರಿಗಳ ನಡುವೆ ಒಂದು ಉದ್ದದ ಓಣಿಯಿದೆ, ಅಲ್ಲಿ ನೀರು ಕುಡಿಯುವ ನಲ್ಲಿಯ ಪಕ್ಕ ಒಂದು ಬೆಂಚಿದೆ. ನಾನೂ ನನ್ನ ಮಗಳೂ ಆ ಬೆಂಚಿನ ಮೇಲೆ ಎಷ್ಟು ಹೊತ್ತು ಕೂತಿದ್ದೆವೆಂದರೆ ಅಲ್ಲಿನ ಜವಾನ ನಮ್ಮನ್ನು ಸಿಬ್ಬಂದಿ ಎಂದುಕೊಂಡು ಚಹಾ ಬೇಕೇ ಎಂದು ಕೇಳಲು ಶುರು ಮಾಡಿದ. ತಮ್ಮ ಇಲಾಖೆಯಿಂದ ‘ವಿಷಯವು ಪರಿಶೀಲನೆಯಲ್ಲಿದೆ’ ಎಂದು ಬಂತು. ಆ ಮಾತಿನ ಅರ್ಥ ಈ ದೇಶದಲ್ಲಿ ಎಲ್ಲರಿಗೂ ಗೊತ್ತು.

ರಾಜೀನಾಮೆ ಕೊಟ್ಟುಬಿಡಲಿ ಎನ್ನುತ್ತೀರಾ? ಅದನ್ನೂ ಯೋಚಿಸಿದ್ದಾಯಿತು. ವಿಚಾರಣೆ ಬಾಕಿ ಇರುವವರ ರಾಜೀನಾಮೆಯನ್ನು ಸ್ವೀಕರಿಸಬೇಕಾದವರು ಯಾರು ಹೇಳಿ ನೋಡೋಣ. ಹೌದು, ಸರಿಯಾಗಿ ಊಹಿಸಿದಿರಿ. ಹೀಗೆ ಅವನು ಅತ್ತ ಅಧಿಕಾರಿಯೂ ಅಲ್ಲದೆ ಇತ್ತ ಆರೋಪಿಯೂ ಅಲ್ಲದೆ ದಿನವೂ ಪೂರ್ತಿ ಸಮವಸ್ತ್ರ ತೊಟ್ಟು ಗೇಟಿನ ಒಳಗೆ ಹೋಗುತ್ತಾನೆ. ಅಲ್ಲಿ ಮುರಿದ ಕುರ್ಚಿಗಳನ್ನು ಪೇರಿಸಿಟ್ಟ ಕೋಣೆಯೊಂದರಲ್ಲಿ ಮುರಿಯದ ಒಂದು ಕುರ್ಚಿ ಅವನಿಗೆ. ಮೇಜಿಲ್ಲ, ಏಕೆಂದರೆ ಕೆಲಸವಿಲ್ಲ. ಗೋಡೆಯಾಚೆ ರೇಡಿಯೋ ಕೋಣೆ. ಹಡಗುಗಳು ಬರುವುದು ಹೋಗುವುದು ಎಲ್ಲ ಕೇಳಿಸುತ್ತದಂತೆ. ಸಂಜೆ ಹಿಂದಿರುಗುತ್ತಾನೆ. ಏನಾಯ್ತು ಎಂದು ಕೇಳುವುದನ್ನು ನಾನು ನಿಲ್ಲಿಸಿ ಬಹಳ ದಿನವಾಯಿತು.

ನನ್ನ ಮಗಳು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಅವಳಿಗೆ ಪ್ರತಿಯೊಂದಕ್ಕೂ ಉತ್ತರ ಬರಬೇಕು. ಮೊದಮೊದಲು ಕಚೇರಿಗಳ ಮೇಲೆ ಸಿಟ್ಟು ಮಾಡಿದಳು, ಆಮೇಲೆ ತಮ್ಮ ಮೇಲೆ, ಕೊನೆಗೆ ಸಿಟ್ಟು ಮಾಡಿಕೊಳ್ಳಲು ಕೈಗೆ ಸಿಗುವವನು ಗಂಡನೊಬ್ಬನೇ ಎಂದು ಅವನ ಮೇಲೆ ಬಿದ್ದಳು. ಒಂದು ನಿಮಿಷ ಯೋಚಿಸಬಾರದಿತ್ತೇ, ಒಂದು ಸಾಲು ಬರೆಸಿಕೊಳ್ಳಬಾರದಿತ್ತೇ ಎಂದು. ಅವನು ಎದ್ದು ಹೋಗಿ ಕಿಟಕಿಯ ಬಳಿ ನಿಂತ. ನನಗೆ ತಡೆಯಲಾಗಲಿಲ್ಲ. ನಿನ್ನ ಗಂಡ ಬರೆಸಿಕೊಳ್ಳುವ ಹೊತ್ತಿಗೆ ಆ ಬಾಣಂತಿ ಎಲ್ಲಿರುತ್ತಿದ್ದಳು ಎಂದು ಮಗಳಿಗೇ ಗದರಿದೆ. ಹೆತ್ತ ಮಗಳನ್ನು ಬಿಟ್ಟು ಅಳಿಯನ ಪರ ವಹಿಸಿದ ಅತ್ತೆಯನ್ನು ತಾವು ಎಲ್ಲಾದರೂ ನೋಡಿದ್ದೀರಾ? ನೋಡಿ, ತಮ್ಮ ಕಾಯ್ದೆ ಎಂಥ ಪವಾಡ ಮಾಡಿದೆ. ಅವಳು ಅತ್ತಳು. ನಾನೂ ಅತ್ತೆ, ಒಳಗೆ ಹೋಗಿ.

ಇನ್ನೊಂದು ನಿಯಮವಿದೆ, ಅದೇ ಈಗ ನಮ್ಮ ಕುತ್ತಿಗೆಗೆ ಬಂದಿರುವುದು. ಎರಡು ವರ್ಷ ಹಡಗು ನಡೆಸದವನ ನಾಯಕತ್ವದ ಅರ್ಹತೆ ತಾನಾಗಿಯೇ ಕಳೆದುಹೋಗುತ್ತದೆ. ಅದನ್ನು ಕಳೆಯಲು ಯಾವ ಪ್ರಾಧಿಕಾರವೂ ಬೇಡ, ಯಾರ ಸಹಿಯೂ ಬೇಡ, ಕ್ಯಾಲೆಂಡರೊಂದೇ ಸಾಕು. ಇನ್ನು ಕೆಲವೇ ತಿಂಗಳಲ್ಲಿ ಅವನಿಗೆ ಎರಡು ವರ್ಷ ತುಂಬುತ್ತದೆ. ಅಲ್ಲಿಂದಾಚೆ ಅವನನ್ನು ನಿರಪರಾಧಿ ಎಂದು ಯಾರು ಎಷ್ಟು ಜೋರಾಗಿ ಕೂಗಿ ಹೇಳಿದರೂ ಅವನು ಮತ್ತೆ ಹಡಗಿನ ನಾಯಕನಾಗುವುದಿಲ್ಲ. ಗೋದಾಮಿನಲ್ಲಿ ಹಗ್ಗ, ಬಣ್ಣದ ಡಬ್ಬ ನೋಡಿಕೊಂಡು ನಿವೃತ್ತನಾಗಬೇಕು. ಶಿಕ್ಷೆಯಾದರೂ ಇಷ್ಟು ದೊಡ್ಡದಿರುತ್ತಿರಲಿಲ್ಲ. ಹಡಗಿಗೆ ಪೆಟ್ಟು ಮಾಡಿದ್ದಕ್ಕೆ ಕೊಡುವ ಅತಿ ದೊಡ್ಡ ಶಿಕ್ಷೆ ಆರು ತಿಂಗಳ ಹಿಂಬಡ್ತಿ ಎಂದು ನೆಲೆಯ ಎಲ್ಲರಿಗೂ ಗೊತ್ತು. ಅಪರಾಧಿಯಾಗಿದ್ದರೆ ಅವನು ಇಷ್ಟು ಹೊತ್ತಿಗೆ ಶಿಕ್ಷೆ ಮುಗಿಸಿ ಸಮುದ್ರದ ಮೇಲಿರುತ್ತಿದ್ದ. ಶಿಕ್ಷೆ ಕೊಡಿ ಎಂದು ನಾನು ಕೇಳುವುದು ಯಾಕೆ ಎಂದು ಈಗ ಅರ್ಥವಾಯಿತೇ?

ಅಂತೂ ಇಂತೂ ತಮ್ಮ ಅಧಿಸೂಚನೆ ಬಂತು. ಕರಾವಳಿ ವಲಯಕ್ಕೆ ಒಬ್ಬ ‘ಜಂಟಿ ಕಮಾಂಡರ್’, ವಿಚಾರಣೆಗಳಿಗೆ ಸಕ್ಷಮ ಪ್ರಾಧಿಕಾರವೂ ಅವರೇ, ಮುಂದಿನ ಏರ್ಪಾಡು ಆಗುವವರೆಗೆ. ಹಡಗು ನಡೆಸುವವರು ಬೇರೆ, ನ್ಯಾಯ ಹೇಳುವವರು ಬೇರೆ ಎಂದು ಸದನದಲ್ಲಿ ಹೇಳಿಸಿದ್ದು ಏನಾಯಿತು ಎಂದು ಕೇಳಬಹುದಿತ್ತು. ಕೇಳುವ ತ್ರಾಣ ಇರಲಿಲ್ಲ. ಯಾರಾದರೇನು, ಒಬ್ಬರು ಬಂದರಲ್ಲ ಎಂದು ಮನೆಯಲ್ಲಿ ಎಲ್ಲರೂ ಉಸಿರು ಬಿಟ್ಟೆವು. ಎರಡು ದಿನ ಬಿಟ್ಟು ಹೊಸ ಜಂಟಿ ಕಮಾಂಡರರು ಹೊಸ ಭುಜಪಟ್ಟಿ ಹೊಲಿಸಿಕೊಳ್ಳಲು ನನ್ನ ಅಂಗಡಿಗೆ ಬಂದರು. ಬಾಗಿಲ ಗಾಜು ನಡುಗಿದಾಗಲೇ ನನಗೆ ತಿಳಿಯಿತು.

ಹೌದು, ಗುಡುಗು ಸಾಹೇಬರೇ. ಕನ್ನಡಿಯ ಮುಂದೆ ನಿಂತರು, ನಾನು ಸ್ಟೂಲು ಹತ್ತಿ ಭುಜದ ಅಳತೆ ತೆಗೆದೆ. ನನ್ನ ಬಾಯಲ್ಲಿ ಗುಂಡುಪಿನ್ನುಗಳಿದ್ದವು, ಅವನ್ನು ಒಂದೊಂದಾಗಿ ಎಲ್ಲಿ ಚುಚ್ಚಬಹುದು ಎಂಬ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಚುಚ್ಚಲಿಲ್ಲ. ಪಿನ್ನುಗಳನ್ನು ತೆಗೆದಿಟ್ಟು, ನನ್ನ ಅಳಿಯನ ವಿಚಾರಣೆ ಯಾವಾಗ ಕರೆಯುತ್ತೀರಿ ಎಂದು ಕೇಳಿದೆ. ಅವರು ಕನ್ನಡಿಯಲ್ಲೇ ನನ್ನನ್ನು ನೋಡಿದರು. ಆ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

‘ಟೈಲರಮ್ಮ, ಹೋಗು ಅಂದಿದ್ದು ನಾನೇ. ನಾನೇನು ಮರೆತಿಲ್ಲ.’

‘ಹಾಗಂತ ಬರೆದುಕೊಡಿ ಸಾಹೇಬ್ರೇ.’

‘ಬರೆದುಕೊಟ್ರೆ, ಅಧಿಕಾರ ಇಲ್ದೆ ಆರ್ಡರ್ ಕೊಟ್ಟೆ ಅಂತ ನನ್ನ ಮೇಲೆ ವಿಚಾರಣೆ ಆಗ್ಬೇಕು. ಅದನ್ನ ಕರೆಯೋರು ಯಾರು ಗೊತ್ತಾ?’

‘ಯಾರು?’

‘ನಾನೇ.’

ನಾನು ಸ್ಟೂಲಿನ ಮೇಲೆ ಹಾಗೇ ನಿಂತಿದ್ದೆ. ಅವರು ಮೆಲ್ಲಗೆ ಉಳಿದದ್ದನ್ನೂ ವಿವರಿಸಿದರು. ಅಳಿಯನ ವಿಚಾರಣೆಯಲ್ಲಿ ಅವರೇ ಮುಖ್ಯ ಸಾಕ್ಷಿ. ಸಾಕ್ಷಿಯಾದವರು ವಿಚಾರಣೆ ಕರೆಯುವಂತಿಲ್ಲ. ಅವರ ಬದಲು ಬೇರೆ ವಲಯದವರು ಕರೆಯಬಹುದೇ ಎಂದರೆ, ಹೊಸ ಕಾಯ್ದೆಯಲ್ಲಿ ಅಂಥ ಕಲಮಿಲ್ಲ. ಹಳೆಯದರಲ್ಲಿ ಇತ್ತಂತೆ, ಅನಗತ್ಯ ಎಂದು ತಾವು ಕೈಬಿಟ್ಟಿರಂತೆ. ತಮಗೆ ಅವರು ಮೂರು ಸಲ ಬರೆದಿದ್ದಾರಂತೆ. ನಂಬುತ್ತೇನೆ. ಆ ಮನುಷ್ಯ ಕೆಟ್ಟವರಲ್ಲ, ಮಾನ್ಯರೇ, ಅದೇ ನನ್ನನ್ನು ಹೆಚ್ಚು ಸುಸ್ತು ಮಾಡಿದ್ದು. ಕೆಟ್ಟವರಾಗಿದ್ದರೆ ಶಪಿಸಿ ಹಗುರಾಗುತ್ತಿದ್ದೆ. ಪಟ್ಟಿ ಹೊಲಿದುಕೊಟ್ಟೆ, ನೇರವಾಗಿಯೇ ಹೊಲಿದೆ. ಅವರು ಅಂಗಿ ತೊಟ್ಟು ಕನ್ನಡಿಯ ಕಡೆ ನೋಡದೆ ಹೊರಟುಹೋದರು.

ಇಷ್ಟಕ್ಕೇ ನಿಂತಿದ್ದರೆ ಇದು ನಮ್ಮ ಮನೆಯ ಕಷ್ಟ, ನಾಲ್ಕು ಗೋಡೆಯೊಳಗೆ ನುಂಗಿಕೊಳ್ಳುತ್ತಿದ್ದೆವು. ಬಹಿರಂಗವಾಗಿ ಬರೆಯುವಂತೆ ಮಾಡಿದ್ದು ಕಳೆದ ತಿಂಗಳ ಸಂಗತಿ. ಮರಳು ಸಾಗಿಸುವ ದೋಣಿಯೊಂದು ಬಂದರಿನ ಹೊರಗೆ, ಕಣ್ಣಳತೆಯಲ್ಲೇ, ವಾಲಿಕೊಂಡಿತು. ಬೆಳಗಿನ ಹೊತ್ತು, ಎಲ್ಲರೂ ನೋಡುತ್ತಿದ್ದಾರೆ. ಹಡಗುಕಟ್ಟೆಯಲ್ಲಿ ಎರಡು ಗಸ್ತು ಹಡಗುಗಳು ಎಂಜಿನ್ ಬಿಸಿ ಮಾಡಿಕೊಂಡು ನಿಂತಿದ್ದವು, ಅದರಲ್ಲೊಂದು ಅಳಿಯನ ಹಳೆಯ ಹಡಗು. ಅದರ ಈಗಿನ ನಾಯಕ ಜಾಣ. ಯಾರ ಆಜ್ಞೆಯ ಮೇರೆಗೆ ಎಂದು ಹೇಳಬೇಕು ಎಂಬುದನ್ನು ಮೊದಲು ಬರಹದಲ್ಲಿ ಕೇಳಿದ. ಟವರಿನವನೂ ಜಾಣನಾಗಿದ್ದ, ಬರಹ ಬರುವವರೆಗೆ ಗೇಟು ತೆರೆಯುವುದಿಲ್ಲ ಎಂದ. ಜಂಟಿ ಕಮಾಂಡರರು ರಾಜಧಾನಿಯಲ್ಲಿ ಸಭೆಯಲ್ಲಿದ್ದರು, ಬಹುಶಃ ತಮ್ಮ ಜೊತೆಗೇ ಇದ್ದರೇನೋ. ಅವರ ಕೆಳಗಿನವರು, ನನಗೆ ಆ ಅಧಿಕಾರ ವಹಿಸಿಕೊಟ್ಟಿಲ್ಲ, ಸ್ವಲ್ಪ ತಾಳಿ ಎಂದರು. ಎಲ್ಲರೂ ತಾಳಿದರು. ಕೊನೆಗೆ ಹಡಗು ಎಳೆಯುವ ಖಾಸಗಿ ಟಗ್ಗಿನವನೊಬ್ಬ, ನೌಕಾಪಡೆಗೂ ಅವನಿಗೂ ಸಂಬಂಧವೇ ಇಲ್ಲ, ಬೈದುಕೊಳ್ಳುತ್ತ ಹೋಗಿ ನೀರಿನಲ್ಲಿದ್ದವರನ್ನು ಎತ್ತಿಕೊಂಡು ಬಂದ. ದೋಣಿಯ ಅಡುಗೆಯವನು ಸಿಗಲಿಲ್ಲ. ಅವನು ಕೆಳಗೆ ಒಲೆ ಆರಿಸುತ್ತಿದ್ದನಂತೆ.

ಅಡುಗೆಯವನ ಹೆಂಡತಿ ಮಾರನೆಯ ದಿನ ಗೇಟಿನ ಮುಂದೆ ಬಂದು ನಿಂತಳು. ಒಳಗೆ ಬಿಡಲಿಲ್ಲ. ರಸ್ತೆ ದಾಟಿ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ನೀರು ಕೊಟ್ಟೆ. ಆ ಎರಡು ಹಡಗು ಯಾಕೆ ಹೊರಡಲಿಲ್ಲ ಅಕ್ಕಾ ಎಂದು ಕೇಳಿದಳು. ನನ್ನ ಅಂಗಡಿಯೊಳಗೆ ಆ ಹಡಗುಗಳ ನಾಯಕರ ಅಂಗಿಗಳೇ ನೇತಾಡುತ್ತಿದ್ದವು. ಏನು ಹೇಳಬೇಕಿತ್ತು ನಾನು? ಹೊರಡುವುದಕ್ಕೆ ಹಡಗಿತ್ತು ತಾಯೀ, ಜನರಿದ್ದರು, ಹೊರಡು ಎನ್ನುವವರು ಮಾತ್ರ ಪರಿಶೀಲನೆಯಲ್ಲಿದ್ದರು ಎನ್ನಲೇ? ಗೊತ್ತಿಲ್ಲಮ್ಮ ಎಂದೆ. ಆ ಬಗ್ಗೆ ವಿಚಾರಣೆ ನಡೆಯಿತೇ ಎಂದು ತಾವು ಕೇಳಬಹುದು. ಇಲ್ಲ. ನೌಕಾಪಡೆಯ ಯಾವ ಹಡಗಿಗೂ ಒಂದು ಗೀರೂ ಬಿದ್ದಿರಲಿಲ್ಲ, ಹಾಗಾಗಿ ವಿಚಾರಣೆಯ ಅಗತ್ಯ ಬರಲಿಲ್ಲ. ನಿಯಮ ಪಾಲಿಸಿದ್ದಕ್ಕೆ ನಾಯಕನ ಮೇಲೆ ಯಾರೂ ಬೆರಳು ತೋರಿಸುವಂತಿಲ್ಲ. ನಾನೂ ತೋರಿಸುವುದಿಲ್ಲ. ಅವನಿಗೂ ಮನೆಯಿದೆ, ಹೆಂಡತಿಯಿದ್ದಾಳೆ. ನನ್ನ ಅಳಿಯ ಕೂತಿರುವ ಕುರ್ಚಿಯನ್ನು ದಿನವೂ ಕಿಟಕಿಯಿಂದ ನೋಡಿಕೊಂಡೇ ಅವನು ಹಡಗಿಗೆ ಹೋಗುತ್ತಾನೆ.

ಇದು ತಾವು ಮಾಡಬೇಕೆಂದು ಮಾಡಿದ್ದಲ್ಲ, ಒಪ್ಪುತ್ತೇನೆ. ತಮ್ಮ ಕೋಣೆಯಲ್ಲಿ ಕಾಯ್ದೆ ನೋಡಲು ಚೆನ್ನಾಗಿಯೇ ಇದ್ದಿರಬೇಕು. ಮೇಲೊಂದು ಚೌಕ, ಅದರಿಂದ ಗೆರೆಗಳು, ಕೆಳಗೆ ಚೌಕಗಳು, ಒಂದು ಚೌಕ ಅಳಿಸಿ ಇನ್ನೊಂದು ಬರೆದಿರಿ. ನಾವೂ ಅಂಗಿಯ ನಕ್ಷೆಯನ್ನು ಕಾಗದದ ಮೇಲೇ ಬರೆದುಕೊಳ್ಳುತ್ತೇವೆ. ಆದರೆ ಗಿರಾಕಿ ಒಳಗಿರುವಾಗ ಹಳೆಯ ತೋಳು ಕತ್ತರಿಸಿ, ಹೊಸ ತೋಳಿನ ಬಟ್ಟೆ ಮುಂದಿನ ವರ್ಷ ಬರುತ್ತದೆ, ಅಲ್ಲಿಯವರೆಗೆ ಹೀಗೇ ಓಡಾಡಿಕೊಂಡಿರಿ ಎನ್ನುವ ದರ್ಜಿಯ ಅಂಗಡಿಗೆ ಎರಡನೆಯ ಸಲ ಯಾರಾದರೂ ಬರುತ್ತಾರೆಯೇ? ತಮ್ಮ ಅಂಗಡಿಗಾದರೆ ಬರಲೇಬೇಕು, ಬೇರೆ ಅಂಗಡಿ ಇಲ್ಲವಲ್ಲ.

ಹಾಗಾಗಿ ಬಂದಿದ್ದೇನೆ, ಕೇಳುತ್ತಿದ್ದೇನೆ. ಒಂದು ಹುದ್ದೆಯನ್ನು ರದ್ದು ಮಾಡಿದರೆ, ಅದರ ಜಾಗಕ್ಕೆ ಬರುವವರು ಅಧಿಕಾರ ವಹಿಸಿಕೊಳ್ಳುವವರೆಗೆ ಹಳಬರ ಆಜ್ಞೆ ಆಜ್ಞೆಯೇ ಎಂದು ಒಂದು ಕಲಮು ಸೇರಿಸಿ, ಅದು ಹಳೆಯ ಕಾಯ್ದೆ ರದ್ದಾದ ದಿನದಿಂದಲೇ ಅನ್ವಯಿಸಲಿ. ಪ್ರಾಧಿಕಾರದವರೇ ಸಾಕ್ಷಿಯಾದಾಗ ಬೇರೆ ವಲಯದವರು ವಿಚಾರಣೆ ಕರೆಯಲಿ, ಕೈಬಿಟ್ಟ ಆ ಕಲಮನ್ನು ಹುಡುಕಿ ಹಿಂದಕ್ಕೆ ತನ್ನಿ. ನೀರಿನಲ್ಲಿ ಜನ ಮುಳುಗುತ್ತಿದ್ದರೆ ಯಾರ ಆಜ್ಞೆ ಎಂದು ಕೇಳದೆ ಗೇಟು ತೆರೆಯಬೇಕೆಂದು ಬರೆಯಿರಿ, ಇದನ್ನು ಬರೆಯಲು ಸಮಿತಿ ಬೇಕಾಗಿಲ್ಲ. ಅದೆಲ್ಲ ಆಗುವುದಕ್ಕೆ ಕಾಲ ಹಿಡಿಯುತ್ತದೆ ಎನ್ನುವುದಾದರೆ, ಎರಡು ವರ್ಷ ತುಂಬುವ ಮೊದಲು ನನ್ನ ಅಳಿಯನನ್ನು ಯಾರಾದರೊಬ್ಬರ ಮುಂದೆ ನಿಲ್ಲಿಸಿ. ಅವನು ಮಾಡಿದ್ದು ತಪ್ಪೆಂದು ಅವರಿಗೆ ಅನ್ನಿಸಿದರೆ ಶಿಕ್ಷೆ ಕೊಡಲಿ, ನಾನು ತಕರಾರು ಮಾಡುವುದಿಲ್ಲ. ಕೇಳುವವರಿಲ್ಲದ ಮನುಷ್ಯನಾಗಿ ಮಾತ್ರ ಅವನನ್ನು ಬಿಡಬೇಡಿ.

ಬೇಗ ಮಾಡಿ ಎನ್ನುವುದಕ್ಕೆ ಕಾರಣ ಕ್ಯಾಲೆಂಡರೊಂದೇ ಅಲ್ಲ. ಮರಳಿನ ದೋಣಿ ಮುಳುಗಿದ ದಿನ ಅಳಿಯ ಗೋಡೆಯಾಚೆಯ ರೇಡಿಯೋದಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಸಂಜೆ ಮನೆಗೆ ಬಂದು ಅಂಗಿಯನ್ನೂ ಬಿಚ್ಚದೆ ಊಟದ ಮೇಜಿನ ಮುಂದೆ ಕೂತ. ಸಮಾಧಾನ ಮಾಡೋಣ ಎಂದುಕೊಂಡು ನಾನು, ಇವತ್ತು ಆ ಹಡಗಿನಲ್ಲಿ ನೀವಿದ್ದಿದ್ದರೆ ಆ ಅಡುಗೆಯವನು ಬದುಕಿರುತ್ತಿದ್ದ, ನೀವು ಹೋಗಿಯೇ ಹೋಗುತ್ತಿದ್ದಿರಿ ಎಂದೆ. ಹೌದು ಎನ್ನುತ್ತಾನೆ ಎಂದುಕೊಂಡಿದ್ದೆ. ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಹೇಳಿದ.

‘ಗೊತ್ತಿಲ್ಲ ಅತ್ತೆ. ನಾನೂ ಮೊದ್ಲು ಬರೆಸಿಕೊಳ್ತಿದ್ನೇನೋ.’

ಇಂತಿ,
ತಮ್ಮ ಸುಧಾರಣೆಯ ಫಲಾನುಭವಿಗಳಲ್ಲೊಬ್ಬಳು,
ನೌಕಾನೆಲೆಯ ಗೇಟಿನೆದುರಿನ ದರ್ಜಿ